ನಡತೆಯ ಮುಂದೆ ಒಂದು ಪದ

ಕಾಲೇಜನ್ನು ಬಿಟ್ಟು ಹೋಗುವ ವಿದ್ಯಾರ್ಥಿಗೆ ಕೊಡುವ ವರ್ಗಾವಣೆ ಪತ್ರವನ್ನು ನೀವೆಲ್ಲರೂ ನೋಡಿರುತ್ತೀರಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಓದಿದ ತರಗತಿ ಎಲ್ಲವೂ ಮುಗಿದ ಮೇಲೆ ಅದರಲ್ಲಿ ‘ನಡತೆ’ ಎಂಬ ಒಂದು ಕಾಲಂ ಬರುತ್ತದೆ. ಅದರ ಮುಂದೆ ‘ಉತ್ತಮ’ ಎಂದೋ ‘ತೃಪ್ತಿಕರ’ ಎಂದೋ ಬರೆದು ಮೊಹರು ಒತ್ತುವುದು ವಾಡಿಕೆ. ಲೇಖನಿಯನ್ನು ತಡೆದು ಯೋಚಿಸುವ ಜಾಗ ಅದಲ್ಲ. ನನ್ನ ವೃತ್ತಿಜೀವನದಲ್ಲಿ ಒಮ್ಮೆ ಮಾತ್ರ ನಾನು ಅಲ್ಲಿ ತಡೆದೆ. ತಡೆದು, ಬರೆಯಬಾರದ್ದನ್ನು ಬರೆದೆ. ಆ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಬಹುದೂರದ ಒಂದು ದೇಶದಲ್ಲಿ, ಅಂಥದೇ ಒಂದು ಕಾಲಂನ ಮುಂದಿದ್ದ ಒಂದು ಪದಕ್ಕಾಗಿ ಅರ್ಧ ಶತಮಾನ ಕಾದ ಒಬ್ಬ ಮನುಷ್ಯನ ವಿಚಾರವನ್ನು ಹೇಳಬೇಕಾಗಿದೆ. ಅವರನ್ನು ಕಂಡಿರದಿದ್ದರೆ ನನ್ನ ತಪ್ಪು ನನಗೆ ಇಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ.

2022ರ ಬೇಸಿಗೆಯಲ್ಲಿ ನಾನು ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅದು ಆ ದೇಶದ ನಡುಭಾಗದ ಒಂದು ಸಣ್ಣ ಊರು. ಮಗಳು ಅಳಿಯಂದಿರು ಕೆಲಸಕ್ಕೆ ಹೋದರೆ ಹಗಲೆಲ್ಲ ಮನೆಯಲ್ಲಿ ನಾನೊಬ್ಬನೆ. ಹೀಗಾಗಿ ಊರ ಗ್ರಂಥಾಲಯವೇ ನನಗೆ ಆಶ್ರಯವಾಯಿತು. ಅಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ದಿನವೂ ಕುಳಿತಿರುತ್ತಿದ್ದರು. ಮುಂದೆ ಹಳದಿ ಬಣ್ಣದ ಗೆರೆ ಹಾಳೆ. ಅದರಲ್ಲಿ ನಾಲ್ಕು ಸಾಲು ಬರೆಯುವರು, ಮೂರನ್ನು ಹೊಡೆದು ಹಾಕುವರು. ಒಂದು ವಾರದ ಮೇಲೆ ಅವರೇ ನನ್ನನ್ನು ಮಾತನಾಡಿಸಿದರು. ನಾನು ಭಾಷೆ ಕಲಿಸುತ್ತಿದ್ದವನು, ಆದರೆ ಅವರ ಭಾಷೆಯನ್ನಲ್ಲ ಎಂದು ತಿಳಿದಾಗ, “ಹಾಗಾದರೆ ಒಳ್ಳೆಯದೇ ಆಯಿತು. ಇದನ್ನು ಓದಿ. ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ನಾನು ಸುಳ್ಳು ಹೇಳುತ್ತಿದ್ದೇನೆಂದು ಲೆಕ್ಕ” ಎಂದರು.

ಅದೊಂದು ಬಿನ್ನಹ. ಐವತ್ತೊಂದು ವರ್ಷಗಳ ಹಿಂದೆ ಸೇನೆ ತಮಗೆ ಕೊಟ್ಟಿದ್ದ ಬಿಡುಗಡೆ ಪತ್ರದಲ್ಲಿನ ಒಂದು ಪದವನ್ನು ಬದಲಿಸಬೇಕೆಂಬ ಪ್ರಾರ್ಥನೆ.

ಅಮೆರಿಕದ ಸೈನಿಕ ಸೇವೆ ಬಿಡುವಾಗ ಅವನ ಕೈಗೆ ಒಂದು ಕಾಗದ ಬರುತ್ತದೆ. ಡಿ.ಡಿ. 214 ಎಂದು ಅದರ ಸಂಖ್ಯೆ. ಎಷ್ಟು ದಿನ ದುಡಿದ, ಎಲ್ಲಿ ದುಡಿದ, ಯಾವ ಪದಕ ಪಡೆದ ಎಂಬುದರ ಜೊತೆಗೆ ಅವನ ಸೇವೆಯ ಗುಣ ಎಂಥದೆಂಬ ಕಾಲಂ ಒಂದು ಅದರಲ್ಲಿದೆ. ಇಲ್ಲಿ ಐದು ಮೆಟ್ಟಿಲುಗಳು. ಮೇಲಿನದು ಗೌರವಯುತ ಬಿಡುಗಡೆ. ಅದರ ಕೆಳಗೆ ‘ಸಾಮಾನ್ಯ’. ಗೌರವದ ಸ್ಥಿತಿಯಲ್ಲೇ ಹೋದನೆಂದು ಅದರ ಅರ್ಥ, ಆದರೂ ಒಂದು ಕೂದಲೆಳೆಯ ಕುಂದು. ಮೂರನೆಯದು ಗೌರವೇತರ. ಈ ಮೂರನ್ನು ಆಡಳಿತದ ಆಜ್ಞೆಯಿಂದಲೇ ಕೊಡಬಹುದು. ನಾಲ್ಕನೆಯ ದುರ್ನಡತೆಯ ಬಿಡುಗಡೆಗೂ ಐದನೆಯ ಅಗೌರವದ ಬಿಡುಗಡೆಗೂ ಸೇನಾ ನ್ಯಾಯಾಲಯದ ಶಿಕ್ಷೆಯೇ ಬೇಕು. 1971ರಲ್ಲಿ ಆ ಮೂರನೆಯ ಮೆಟ್ಟಿಲಿಗೆ ಇದ್ದ ಹೆಸರು ಇನ್ನೂ ಕಟುವಾದುದು: ‘ಅನಪೇಕ್ಷಿತ’. ಕನ್ನಡದಲ್ಲಿ ಸರಳವಾಗಿ ಹೇಳುವುದಾದರೆ, ಬೇಡವಾದವನು. ನಮ್ಮ ಈ ಸಿಪಾಯಿಗೆ ಬಂದದ್ದು ಅದೇ. ಕಾರಣದ ಮುಂದೆ ಬರೆದಿದ್ದುದು ‘ಅನರ್ಹತೆ’.

ಈ ಪದ ಬರಿಯ ಅಲಂಕಾರವಲ್ಲ. ಕೆಲಸ ಕೇಳಲು ಹೋದಲ್ಲೆಲ್ಲ ಆ ಕಾಗದ ಕೇಳುತ್ತಾರೆ. ಮಾಜಿ ಸೈನಿಕರ ಆಸ್ಪತ್ರೆ, ಮನೆ ಸಾಲ, ಓದಿನ ನೆರವು, ಕೊನೆಗೆ ರಾಷ್ಟ್ರೀಯ ಸ್ಮಶಾನದಲ್ಲಿ ಆರಡಿ ನೆಲ ಮತ್ತು ಶವಪೆಟ್ಟಿಗೆಯ ಮೇಲೆ ಹೊದಿಸುವ ಬಾವುಟ ಇವೆಲ್ಲ ಆ ಪದವನ್ನು ಅವಲಂಬಿಸಿವೆ. ಮೂರನೆಯ ಮೆಟ್ಟಿಲಿನವನಿಗೆ ಎಲ್ಲವೂ ತಾನಾಗಿಯೇ ತಪ್ಪಿಹೋಗುವುದಿಲ್ಲ. ಆದರೆ ಅವನು ಪ್ರತಿ ಬಾಗಿಲಲ್ಲೂ ನಿಂತು, ತಾನು ಯೋಗ್ಯನೆಂದು ಬೇರೆಯಾಗಿ ತೋರಿಸಿಕೊಳ್ಳಬೇಕು. ನಮ್ಮ ಸಿಪಾಯಿ ಯಾವ ಬಾಗಿಲನ್ನೂ ತಟ್ಟಲೇ ಇಲ್ಲ. ಲಾರಿ ರಿಪೇರಿ ಮಾಡಿಕೊಂಡು ಬಾಳು ಸವೆಸಿದರು. ಯುದ್ಧಕ್ಕೆ ಹೋಗಿದ್ದೆನೆಂಬುದನ್ನೇ ಊರಲ್ಲಿ ಬಹಳ ಜನಕ್ಕೆ ಹೇಳಿರಲಿಲ್ಲ.

ಅವರು ಮಾಡಿದ ತಪ್ಪೇನು? ಇಪ್ಪತ್ತನೆಯ ವಯಸ್ಸಿನಲ್ಲಿ, 1970ರಲ್ಲಿ, ವಿಯೆಟ್ನಾಮಿಗೆ ಹೋದರು. ಮೂರನೆಯ ತಿಂಗಳಲ್ಲಿ, ತಮ್ಮ ಮುಂದೆ ನಡೆಯುತ್ತಿದ್ದ ಗೆಳೆಯ ನೆಲಬಾಂಬಿನ ಮೇಲೆ ಕಾಲಿಟ್ಟುದನ್ನು ಕಂಡರು. ಆ ವರ್ಷ ಅಲ್ಲಿ ಹೆರಾಯಿನ್ ದಾರಿಬದಿಯಲ್ಲೇ ಸಣ್ಣ ಸೀಸೆಗಳಲ್ಲಿ ಅಗ್ಗವಾಗಿ ಸಿಗುತ್ತಿತ್ತು. ಬಹಳ ಶುದ್ಧವಾದ ಸರಕು. ಚುಚ್ಚಿಕೊಳ್ಳಬೇಕಾಗಿರಲಿಲ್ಲ, ಸಿಗರೇಟಿನ ತುದಿಯಲ್ಲಿ ತುಂಬಿ ಸೇದಿದರೆ ಸಾಕಾಗುತ್ತಿತ್ತು. ಅವರೂ ಸೇದಿದರು. ಮೊದಲು ನಿದ್ದೆಗೆಂದು, ಆಮೇಲೆ ಎಚ್ಚರವಿರಲಾರೆನೆಂದು. ಮೂರು ಸಲ ಹೇಳದೆ ಕೇಳದೆ ಪಾಳೆಯ ಬಿಟ್ಟು ಹೋದರು. ಒಟ್ಟು ಹತ್ತೊಂಬತ್ತು ದಿನ. ವಿಚಾರಣೆ ಬೇಡವೆಂದು ಸಹಿ ಹಾಕಿದರೆ ಬೇಗ ಮನೆಗೆ ಹೋಗಬಹುದೆಂದು ಯಾರೋ ಹೇಳಿದರು. ಇಪ್ಪತ್ತೊಂದರ ಹುಡುಗ ಸಹಿ ಹಾಕಿದ.

ಈ ಹುಡುಗ ಒಂಟಿಯಾಗಿರಲಿಲ್ಲ. 1971ರ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ನರು ಮಾದಕ ವಸ್ತುಗಳ ಚಟವನ್ನು ದೇಶದ ಮೊದಲ ಶತ್ರುವೆಂದು ಸಾರಿದರು. ಅದೇ ತಿಂಗಳಿನಿಂದ ವಿಯೆಟ್ನಾಂ ಬಿಡುವ ಸೈನಿಕರ ಮೂತ್ರ ಪರೀಕ್ಷೆ ಆರಂಭವಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ತಾಯ್ನಾಡಿಗೆ ಮರಳಿದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿ ಹುಡುಕಿ ಹುಡುಕಿ ಮಾತನಾಡಿಸಿದರು. ಅವರಲ್ಲಿ ಸುಮಾರು ಐವರಿಗೊಬ್ಬರು ಅಲ್ಲಿ ಅಫೀಮು ಅಥವಾ ಹೆರಾಯಿನ್ನಿನ ದಾಸರಾಗಿದ್ದರು. ಆದರೆ ಮನೆಗೆ ಬಂದ ಮೊದಲ ವರ್ಷದಲ್ಲಿ, ಹಾಗೆ ದಾಸರಾಗಿದ್ದವರ ಪೈಕಿ ಮತ್ತೆ ಆ ಬಲೆಗೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಈ ಸಂಖ್ಯೆಯನ್ನು ಆ ಕಾಲದ ಪಂಡಿತರು ನಂಬಲೇ ಇಲ್ಲ. ಒಮ್ಮೆ ಹಿಡಿದರೆ ಬಿಡದ ಚಟವೆಂದು ಎಲ್ಲರೂ ತಿಳಿದಿದ್ದರು. ಈ ಅಂಕಿಗಳು ಬೇರೊಂದನ್ನು ಸೂಚಿಸುತ್ತಿದ್ದವು. ಹೆಚ್ಚಿನವರಲ್ಲಿ ಆ ಚಟ ಆ ನೆಲಕ್ಕೂ ಆ ಭಯಕ್ಕೂ ಅಂಟಿಕೊಂಡಿತ್ತು. ನೆಲ ಬದಲಾದಾಗ ಅದೂ ಕಳಚಿಬಿತ್ತು. ನಮ್ಮ ಸಿಪಾಯಿಯೂ ಊರಿಗೆ ಬಂದು ಕೆಲವೇ ತಿಂಗಳಲ್ಲಿ ಬಿಟ್ಟರು. ಮತ್ತೆ ಮುಟ್ಟಲಿಲ್ಲ. ಚಟ ಕಳಚಿತು, ಪದ ಕಳಚಲಿಲ್ಲ.

ಬರೆದ ಪದವನ್ನು ತಿದ್ದಲು ಆ ದೇಶದಲ್ಲಿ ದಾರಿಯಿಲ್ಲದೆ ಇಲ್ಲ. ಎರಡನೆಯ ಮಹಾಯುದ್ಧದ ಸೈನಿಕರಿಗೆ ಓದು ಮತ್ತು ಮನೆಯ ನೆರವು ಕೊಟ್ಟ 1944ರ ಕಾನೂನೇ ಬಿಡುಗಡೆ ಪತ್ರಗಳನ್ನು ಮರುಪರಿಶೀಲಿಸುವ ಮಂಡಳಿಗಳನ್ನೂ ಸ್ಥಾಪಿಸಿತು. ಬಿಡುಗಡೆಯಾದ 15 ವರ್ಷಗಳೊಳಗೆ ಅಲ್ಲಿಗೆ ಅರ್ಜಿ ಹಾಕಬೇಕು. ಅದಕ್ಕೂ ತಡವಾದವರಿಗೆ, 1946ರ ಕಾನೂನಿನಿಂದ ಹುಟ್ಟಿದ ಇನ್ನೊಂದು ಮಂಡಳಿ ಇದೆ. ಅದು ಸೇನಾ ದಾಖಲೆಗಳನ್ನು ತಿದ್ದುವ ನಾಗರಿಕ ಸದಸ್ಯರ ಮಂಡಳಿ. ಅದಕ್ಕೂ ಮೊದಲು ಒಬ್ಬ ಸಿಪಾಯಿಯ ಕಾಗದ ತಿದ್ದಬೇಕಾದರೆ ಅವನೊಬ್ಬನಿಗಾಗಿಯೇ ಸಂಸತ್ತಿನಲ್ಲಿ ಮಸೂದೆ ತರಬೇಕಾಗುತ್ತಿತ್ತಂತೆ. ಈ ಎರಡನೆಯ ಮಂಡಳಿಗೂ ಮೂರು ವರ್ಷಗಳ ಗಡುವುಂಟು. ಆದರೆ ನ್ಯಾಯದ ದೃಷ್ಟಿಯಿಂದ ಅಗತ್ಯವೆನಿಸಿದರೆ ಮಂಡಳಿ ಅದನ್ನು ಮನ್ನಿಸಬಹುದು. ಅರ್ಜಿಗೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ. ಬೇಕಾದುದು ತನ್ನ ಬಗ್ಗೆ ತಾನೇ ಬರೆಯಬಲ್ಲ ಎದೆ ಮತ್ತು ಒಂದಷ್ಟು ಕಾಗದ.

“ಮೊದಲೇ ಏಕೆ ಬರೆಯಲಿಲ್ಲ?” ಎಂದು ನಾನು ಕೇಳಿದೆ. 1971ರ ಆಗಸ್ಟ್‌ನಲ್ಲೇ ರಕ್ಷಣಾ ಕಾರ್ಯದರ್ಶಿ ಮೆಲ್ವಿನ್ ಲೇರ್ಡರು, ಸ್ವಂತ ಬಳಕೆಯ ಮಾದಕ ವಸ್ತುವೊಂದೇ ಕಾರಣವಾಗಿ ಕೊಟ್ಟ ಇಂಥ ಪತ್ರಗಳನ್ನು ಮರುಪರಿಶೀಲಿಸಬೇಕೆಂದು ಆಜ್ಞೆ ಮಾಡಿದ್ದರು. ಆದರೆ ‘ಒಂದೇ ಕಾರಣ’ ಎಂಬ ಮಾತು ಇವರನ್ನು ಹೊರಗಿಟ್ಟಿತು. ಇವರ ಕಡತದಲ್ಲಿ ಆ ಹತ್ತೊಂಬತ್ತು ದಿನಗಳೂ ಇದ್ದವಲ್ಲ. ಆ ದಿನಗಳು ಚಟದ ಮಕ್ಕಳೇ ಎಂಬುದನ್ನು ಆಜ್ಞೆಯ ಅಕ್ಷರ ಗಮನಿಸುತ್ತಿರಲಿಲ್ಲ. 1977ರಲ್ಲಿ ಅಧ್ಯಕ್ಷ ಕಾರ್ಟರರ ಕಾಲದಲ್ಲಿ ವಿಶೇಷ ಮರುಪರಿಶೀಲನೆಯ ಯೋಜನೆಯೊಂದು ಬಂದಿತು. ಆಗ ಇವರು ಬರೆಯಬಹುದಾಗಿತ್ತು. “ಆಗ ನನಗೆ ಮದುವೆಯಾಗಿ ಒಂದು ವರ್ಷ. ಹೆಂಡತಿಗೆ ಹೇಳಿರಲಿಲ್ಲ” ಎಂದರು. ಇಷ್ಟು ಹೇಳಿ ಸುಮ್ಮನಾದರು. ಆ ಮೌನ ನನಗೆ ಚೆನ್ನಾಗಿ ಅರ್ಥವಾಯಿತು. ಕಳಂಕವನ್ನು ತೊಳೆಯಬೇಕಾದರೆ ಮೊದಲು ಅದನ್ನು ಬೆಳಕಿಗೆ ಹಿಡಿಯಬೇಕು. ಅನೇಕರು ಅಲ್ಲಿಯೇ ನಿಂತುಬಿಡುತ್ತಾರೆ.

ಮತ್ತೊಂದು ಸಂಗತಿಯನ್ನೂ ಅವರು ನಗುತ್ತ ಹೇಳಿದರು. 1973ರ ಜುಲೈಯಲ್ಲಿ ಸೇಂಟ್ ಲೂಯಿಸ್ ನಗರದ ಸೇನಾ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಕಡತಗಳು ನಾಶವಾದವು. ತಮ್ಮದೂ ಸುಟ್ಟಿರಬಹುದೆಂದು ಇವರು ಎಷ್ಟೋ ವರ್ಷ ಒಳಗೊಳಗೇ ಹಾರೈಸಿದ್ದರು. ಸುಟ್ಟದ್ದು 1960ಕ್ಕೆ ಮುಂಚೆ ಬಿಡುಗಡೆಯಾದ ಹಳೆಯ ಸೈನಿಕರ ಕಡತಗಳು. ಇವರದು ಒಂದು ಹಾಳೆಯೂ ಮಾಸದೆ ಕಾದು ಕುಳಿತಿತ್ತು.

ಇಷ್ಟು ವರ್ಷಗಳಲ್ಲಿ ಅವರ ಕಡತದೊಳಗೆ ಏನೂ ಬದಲಾಗಲಿಲ್ಲ. ಅದರ ಹೊರಗಿನ ತಿಳಿವು ಬದಲಾಯಿತು. ಭೀಕರವಾದುದನ್ನು ಕಂಡ ಮನಸ್ಸು ಆಮೇಲೂ ಅದನ್ನೇ ಕಾಣುತ್ತಿರುವ ಬೇನೆಗೆ ಅಮೆರಿಕದ ಮನೋವೈದ್ಯರು ತಮ್ಮ ಅಧಿಕೃತ ಕೈಪಿಡಿಯಲ್ಲಿ ಒಂದು ಹೆಸರು ಕೊಟ್ಟದ್ದು 1980ರಲ್ಲಿ. 1971ರಲ್ಲಿ ಇವರ ಕಾಗದ ಬರೆದ ಅಧಿಕಾರಿಗೆ ಆ ಹೆಸರು ಗೊತ್ತಿರಲು ಸಾಧ್ಯವಿರಲಿಲ್ಲ. ತಾವೇ ವಿಯೆಟ್ನಾಮಿನಲ್ಲಿ ಕಾದಿ ಗಾಯಗೊಂಡಿದ್ದ ಚಕ್ ಹೇಗಲ್ ಅವರು ರಕ್ಷಣಾ ಕಾರ್ಯದರ್ಶಿಯಾಗಿದ್ದಾಗ, 2014ರಲ್ಲಿ, ಇಂಥ ಬೇನೆಯಿದ್ದವರ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದು ಮಂಡಳಿಗಳಿಗೆ ಸೂಚಿಸಿದರು. 2017ರ ಇನ್ನೊಂದು ಸೂಚನೆ ಮಂಡಳಿಯ ಮುಂದೆ ನಾಲ್ಕು ಪ್ರಶ್ನೆಗಳನ್ನಿಟ್ಟಿತು. ತಪ್ಪಿನ ಭಾರವನ್ನು ಇಳಿಸಬಲ್ಲ ಬೇನೆಯಾಗಲಿ ಅನುಭವವಾಗಲಿ ಇವನಿಗೆ ಇತ್ತೆ? ಅದು ಸೇವೆಯ ಕಾಲದಲ್ಲೇ ಇತ್ತೆ? ನಿಜವಾಗಿಯೂ ಅದು ಆ ತಪ್ಪಿನ ಭಾರವನ್ನು ಇಳಿಸುತ್ತದೆಯೆ? ತಕ್ಕಡಿಯಲ್ಲಿಟ್ಟರೆ ಅದು ಆ ಬಿಡುಗಡೆಯ ಕಾರಣಕ್ಕಿಂತ ಹೆಚ್ಚು ತೂಗುತ್ತದೆಯೆ? ಬೇನೆ ಇತ್ತೆಂಬುದಕ್ಕೆ ಸೈನಿಕನ ಮಾತೇ ಸಾಕ್ಷಿಯಾಗಬಹುದೆಂದೂ, ಗೌರವದ ಪತ್ರಕ್ಕೆ ಕಲೆಯಿಲ್ಲದ ಸೇವೆಯೇ ಬೇಕಾಗಿಲ್ಲವೆಂದೂ ಅದು ಹೇಳಿತು. ಎಷ್ಟೋ ವರ್ಷ ಉತ್ತರ ಪತ್ರಿಕೆ ತಿದ್ದಿದ ನನಗೆ ಆ ನಾಲ್ಕು ಪ್ರಶ್ನೆಗಳ ಕ್ರಮ ಬಹಳ ಹಿಡಿಸಿತು. ‘ತಪ್ಪು ಮಾಡಿದನೆ?’ ಎಂಬ ಪ್ರಶ್ನೆ ಅದರಲ್ಲಿಲ್ಲ. ಅದು ಒಪ್ಪಿತವಾದ ಸಂಗತಿ. ಕೇಳುತ್ತಿರುವುದು ತಪ್ಪಿನ ತೂಕವನ್ನು.

ಬಿನ್ನಹ ಬರೆಯುವ ಕೆಲಸ ಆರು ವಾರ ನಡೆಯಿತು. ಅವರ ಮೊದಲ ಪ್ರತಿಯಲ್ಲಿ ಸಿಟ್ಟೇ ಇತ್ತು: ಯುದ್ಧದ ಮೇಲೆ, ಅಧಿಕಾರಿಗಳ ಮೇಲೆ, ಬಡತನದ ಮೇಲೆ. ಗುಣವಾಚಕಗಳನ್ನೆಲ್ಲ ತೆಗೆದು ಓದಿ ನೋಡಿ ಎಂದೆ. ತೆಗೆದಾಗ ಉಳಿದದ್ದು ಒಂದೂವರೆ ಪುಟ. ಆದರೆ ಆ ಒಂದೂವರೆ ಪುಟದಲ್ಲಿ ಒಬ್ಬ ಮನುಷ್ಯ ಕಾಣುತ್ತಿದ್ದ. ಲಾರಿ ಷೆಡ್ಡಿನ ಮಾಲೀಕರಿಂದ, ಚರ್ಚಿನ ಪಾದ್ರಿಗಳಿಂದ, ಕೊನೆಗೆ ಹೆಂಡತಿಯಿಂದಲೂ ಪತ್ರಗಳು ಬಂದವು. ಆ ತಾಯಿ ಎಲ್ಲವನ್ನೂ ಓದಿ, “ನಲವತ್ತಾರು ವರ್ಷ ಇದನ್ನು ನೀವೊಬ್ಬರೇ ಹೊತ್ತಿರಲ್ಲ” ಎಂದರಂತೆ.

ಅದೇ ಗ್ರಂಥಾಲಯಕ್ಕೆ ಬರುತ್ತಿದ್ದ ಇನ್ನೊಬ್ಬ ಹಿರಿಯರಿಗೆ ಈ ವಿಷಯ ತಿಳಿಯಿತು. ಅವರೂ ಅದೇ ಯುದ್ಧದಲ್ಲಿದ್ದವರು. ಗೌರವದ ಪತ್ರ ಪಡೆದವರು. ಅವರು ನನ್ನನ್ನು ಬೇರೆ ಕರೆದು ಹೇಳಿದರು: “ನಾನೂ ಗೆಳೆಯರನ್ನು ಕಳೆದುಕೊಂಡೆ. ನನಗೂ ನಿದ್ದೆ ಬರುತ್ತಿರಲಿಲ್ಲ. ನಾನು ಅದನ್ನು ಮುಟ್ಟಲಿಲ್ಲ. ಅವನಿಗೂ ಅದೇ ಪದ ಕೊಟ್ಟರೆ ನನ್ನ ಪದಕ್ಕೆ ಏನು ಬೆಲೆ?” ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನೋವನ್ನು ನುಂಗಿಯೂ ನೆಟ್ಟಗೆ ನಿಂತವರಿಗೆ ಸಲ್ಲುವ ಗೌರವ ಒಂದಿದೆ. ಬಿದ್ದವರ ಬಗ್ಗೆ ಮಾತನಾಡುವಾಗ ನಾವು ಅದನ್ನು ಮರೆಯುತ್ತೇವೆ. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಹೀಗೆನ್ನಿಸುತ್ತದೆ: ಒಂದೇ ಮಳೆಯಲ್ಲಿ ಒಂದು ಗೋಡೆ ನಿಲ್ಲುತ್ತದೆ, ಒಂದು ಕುಸಿಯುತ್ತದೆ. ನಿಂತ ಗೋಡೆಯನ್ನು ಹೊಗಳೋಣ. ಆದರೆ ಕುಸಿದ ಗೋಡೆಗೆ ಮಳೆಯೇ ಬೀಳಲಿಲ್ಲವೆಂದು ಬರೆಯಬಾರದು. 1971ರ ಆ ಕಾಗದದಲ್ಲಿ ಹೆರಾಯಿನ್ ಇತ್ತು, ಹತ್ತೊಂಬತ್ತು ದಿನಗಳಿದ್ದವು; ನೆಲಬಾಂಬು ಇರಲಿಲ್ಲ. ಬಿನ್ನಹ ಕೇಳುತ್ತಿದ್ದುದು ಆ ಬಿಟ್ಟುಹೋದ ಸಾಲನ್ನು ಸೇರಿಸಿ ಓದಿರೆಂದು ಮಾತ್ರ.

ಇನ್ನು ನಮ್ಮಿಬ್ಬರ ನಡುವೆ ನಡೆದ ಒಂದೇ ಒಂದು ಜಗಳದ ವಿಷಯ. ಕೊನೆಯ ಪ್ರತಿಯಲ್ಲಿ ಅವರು ಹೊಸದಾಗಿ ಒಂದು ವಾಕ್ಯ ಸೇರಿಸಿದ್ದರು. ಒಂದು ರಾತ್ರಿ, ಪಾಳೆಯದ ಬೇಲಿಯ ಕಾವಲಿನಲ್ಲಿದ್ದಾಗ, ಹೆರಾಯಿನ್ನಿನ ಮತ್ತಿನಲ್ಲಿ ತಾವು ನಿದ್ದೆ ಹೋದೆನೆಂದೂ, ಆ ರಾತ್ರಿ ಯಾರೂ ಸಾಯಲಿಲ್ಲ, ಆದರೆ ಸಾಯಬಹುದಾಗಿತ್ತೆಂದೂ ಬರೆದಿದ್ದರು. ಕಡತದಲ್ಲಿ ಎಲ್ಲಿಯೂ ಈ ಸಂಗತಿ ಇರಲಿಲ್ಲ. ಯಾರಿಗೂ ಗೊತ್ತೇ ಆಗಿರಲಿಲ್ಲ. “ಕೇಳದ ಪ್ರಶ್ನೆಗೆ ಉತ್ತರ ಏಕೆ? ಇದನ್ನು ಬಿಟ್ಟುಬಿಡಿ” ಎಂದು ನಾನು ಒತ್ತಿ ಹೇಳಿದೆ. ಅವರು ಬಿಡಲಿಲ್ಲ. “ಪ್ರೊಫೆಸರ್, ಅವರು ನನ್ನನ್ನು ಪೂರ್ತಿ ನೋಡಲಿಲ್ಲ ಎಂದು ತಾನೆ ನಾನು ಬರೆಯುತ್ತಿರುವುದು? ಹಾಗಾದರೆ ಪೂರ್ತಿ ತೋರಿಸಬೇಕು” ಎಂದರು. ಡಿ.ಡಿ. 149 ಎಂಬ ಅರ್ಜಿಯ ಜೊತೆಗೆ ಆ ವಾಕ್ಯವೂ ಹೋಯಿತು. ನಾನು ಊರಿಗೆ ಮರಳಿದೆ.

ತೀರ್ಪು ಬರಲು ಒಂದೂವರೆ ವರ್ಷ ಹಿಡಿಯಿತು. ಮಗಳ ಮೂಲಕ ಫೋನ್ ಮಾಡಿ ಅವರೇ ಓದಿ ಹೇಳಿದರು. ‘ಅನಪೇಕ್ಷಿತ’ ಎಂಬ ಪದ ಹೋಗಿ ಆ ಜಾಗದಲ್ಲಿ ‘ಸಾಮಾನ್ಯ, ಗೌರವದ ಸ್ಥಿತಿಯಲ್ಲಿ’ ಎಂದು ಬಂದಿತ್ತು. ಕಾರಣದ ಮುಂದಿದ್ದ ‘ಅನರ್ಹತೆ’ಯೂ ಅಳಿದು, ‘ಕಾರ್ಯದರ್ಶಿಯ ಅಧಿಕಾರದಿಂದ’ ಎಂಬ, ಒಳ್ಳೆಯದನ್ನೂ ಕೆಟ್ಟದನ್ನೂ ಹೇಳದ ಮಾತು ಬಂದಿತ್ತು. ಒಂದು ಮೆಟ್ಟಿಲು ಏರಿದ್ದರು. ಮೇಲಿನ ಮೆಟ್ಟಿಲು ಸಿಕ್ಕಿರಲಿಲ್ಲ. ಆಸ್ಪತ್ರೆಯ ಬಾಗಿಲು ತೆರೆಯಿತು, ಕೊನೆಗೆ ಬಾವುಟವೂ ಉಂಟು. ಆ ಕಾವಲಿನ ವಾಕ್ಯವೇ ಉಳಿದರ್ಧವನ್ನು ಕಳೆಯಿತೋ ಏನೋ ಎಂದು ನನಗೆ ಸಂಕಟವಾಯಿತು. ಹಾಗೆಂದು ಹೇಳಿಯೂ ಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ಇರಬಹುದು. ಆದರೆ ಅದನ್ನು ಬಿಟ್ಟಿದ್ದರೆ ಈ ಕಾಗದವನ್ನು ನಿಮಗೆ ಹೀಗೆ ಗಟ್ಟಿಯಾಗಿ ಓದಲು ನನ್ನಿಂದ ಆಗುತ್ತಿರಲಿಲ್ಲ” ಎಂದರು.

ಈಗ ನನ್ನ ಮಾತು. 1994ರಲ್ಲಿ, ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಮೂರು ತಿಂಗಳ ಮಟ್ಟಿಗೆ ನಾನು ಪ್ರಭಾರ ಪ್ರಾಂಶುಪಾಲನಾಗಿದ್ದೆ. ಹಾಸ್ಟೆಲಿನ ಒಬ್ಬ ಹುಡುಗನ ಪೆಟ್ಟಿಗೆಯಲ್ಲಿ ಗಾಂಜಾ ಪೊಟ್ಟಣ ಸಿಕ್ಕಿತೆಂದು ವಾರ್ಡನ್ನರು ವರದಿ ಕೊಟ್ಟರು. ಹುಡುಗ ಕಾಲೇಜು ಬಿಡುವುದೆಂದು ತೀರ್ಮಾನವಾಯಿತು. ವರ್ಗಾವಣೆ ಪತ್ರ ನನ್ನ ಮೇಜಿಗೆ ಬಂದಾಗ ‘ನಡತೆ’ಯ ಮುಂದೆ ನಾನು ಲೇಖನಿಯನ್ನು ತಡೆದೆ. ಎರಡು ವರ್ಷ ಅವನು ನನ್ನ ತರಗತಿಯಲ್ಲಿ ಮೊದಲಿಗನಾಗಿದ್ದುದು ನನಗೆ ಗೊತ್ತಿತ್ತು. ಆ ವರ್ಷ ಅವನ ತಂದೆ ತೀರಿಕೊಂಡಿದ್ದುದೂ ಗೊತ್ತಿತ್ತು. ಕರೆದು ಕೇಳಬಹುದಾಗಿತ್ತು, ಕೇಳಲಿಲ್ಲ. ಉಳಿದ ಹುಡುಗರಿಗೆ ಪಾಠವಾಗಲಿ ಎಂದುಕೊಂಡು ‘ತೃಪ್ತಿಕರವಲ್ಲ’ ಎಂದು ಬರೆದು ಸಹಿ ಮಾಡಿದೆ. ಅಂಥ ಪತ್ರ ಹಿಡಿದು ಹೋದವನಿಗೆ ಯಾವ ಕಾಲೇಜು ಸೀಟು ಕೊಟ್ಟೀತು? ಅವನು ಪತ್ರವನ್ನು ತೆಗೆದುಕೊಂಡು, ಓದಿ, ಮಡಿಸಿ, “ಬರ್ತೀನಿ ಸರ್” ಎಂದು ಹೇಳಿ ಹೋದ. ಆಮೇಲೆ ನಾನು ಅವನನ್ನು ಕಾಣಲಿಲ್ಲ.

ಆ ಫೋನು ಬಂದ ಮಾರನೆಯ ವಾರ ನಾನು ಬಸ್ಸು ಹತ್ತಿ ಆ ಕಾಲೇಜಿಗೆ ಹೋದೆ. ಹಳೆಯ ವರ್ಗಾವಣೆ ಪತ್ರಗಳ ಸ್ಥಳಪ್ರತಿ ಪುಸ್ತಕ ಬೇಕೆಂದೆ. ಗುಮಾಸ್ತ ಹುಡುಗ ಒಳ್ಳೆಯವನು. ಧೂಳು ಕೊಡವಿ ತಂದುಕೊಟ್ಟ. 1994ರ ಪುಟದಲ್ಲಿ ನನ್ನ ಅಕ್ಷರ ಹಾಗೆಯೇ ಇತ್ತು. ಇದನ್ನು ತಿದ್ದಿ ಬೇರೆ ಪ್ರತಿ ಕೊಡಬಹುದೇ ಎಂದು ಕೇಳಿದೆ. “ವಿದ್ಯಾರ್ಥಿ ಬಂದು ಅರ್ಜಿ ಕೊಡಬೇಕಲ್ಲ ಸರ್? ನಡತೆ ತಿದ್ದೋದಕ್ಕೆ ನಮ್ಮಲ್ಲಿ ಯಾವ ಫಾರಮೂ ಇಲ್ಲ” ಎಂದ. ಪುಟದ ಮೇಲಿದ್ದ ವಿಳಾಸವನ್ನು ಬರೆದುಕೊಂಡೆ. ಆ ಹಳ್ಳಿಗೆ ಒಂದು ಕಾಗದ ಹಾಕಿದ್ದೇನೆ. ಅದರಲ್ಲಿ ಗುಣವಾಚಕಗಳಿಲ್ಲ. ನಾನು ಬರೆದದ್ದೇನು, ಬರೆಯುವಾಗ ನನಗೆ ಗೊತ್ತಿದ್ದೂ ಬಿಟ್ಟದ್ದೇನು ಎಂಬುದಷ್ಟೇ ಇದೆ. ಉತ್ತರ ಇನ್ನೂ ಬಂದಿಲ್ಲ.

(ಬಾನುಲಿ ಭಾಷಣ)